ನಮ್ಮ ಮನಿ ಕಣ್ಣು

…ಅಯ್ಯ, ತಡಿ ಅತ್ತಿಗಿ! ಕುಂದ್ರು. ಸೀರಿ ಚಲೋನ ಐತಿ, ಬದಲಿ ಮಾಡದೇನೂ ಬ್ಯಾಡ. ಅಣ್ಣ ಎಲ್ಲಿಗೂ ಓಡಿ ಹೋಗಂಗಿಲ್ಲ. ಕ್ರಾಸಿನಾಗ ಚಾದಂಗಡಿ ಮುಂದ ಕುಂತಾನ. ನಿಮ್ಮ ಮನಿಯೊಳಗ ಬರಾಕ ಅವಗ ಮುಖ ಇಲ್ಲ, ಅದ್ಕ ನನ್ನ ಕಳಿಸ್ಯಾನ. ‘ಭೂಮಿಕಾ, ನೀ ಹೋಗಿ ನಿಮ್ಮ ಅತ್ತಿಗೀನ್ನ ಕರಕೊಂಡು ಬಾ’ ಅಂದ. ಹೂಂ… ಅಣ್ಣನ ಅಂದ. ಬೀರಲಿಂಗೇಶನ. ಮತ್ಯಾರು?

ಫೋನ್ ಯಾಕ? ಇಡು ಇಡು. ಅವನ ಫೋನಿನಾಗ ಚಾರ್ಜ್ ಇಲ್ಲ. ಹಚ್ಚಿದ್ರೂ ಹತ್ತಂಗಿಲ್ಲ.

ನಾ ಮೊದಲು ಹೇಳಬೇಕಾದ್ದು ಹೇಳ್ತೀನಿ, ಆಮ್ಯಾಲೆ ಹೋಗಾಣ. ಇಲ್ಲಿಂದ ಬಸ್ಸಿನಾಗ ಕುಂತ್ರ ನಂಗ ಮಾತು ಬರಂಗಿಲ್ಲ. ಮಂದಿ ಇದ್ರ ನನ್ನ ನಾಲಿಗಿ ಎಲ್ಲಿಗೆ ಹೋಗ್ತೈತೋ ಗೊತ್ತಿಲ್ಲ. ಕಾಲೇಜಿನಾಗ ಹಾಜರಿ ಕರದ್ರ ಎದ್ದು ನಿಂದರ್ತೀನಿ ಅಷ್ಟೇ. ಸರ್ ತಾವಾ ನೋಡಿ ಹಾಕ್ಕೋಬೇಕು. ನೀ ಮದುವಿಯಾಗಿ ಬಂದ ಹೊಸದಾಗಿ ಅಣ್ಣನ್ನ ಕೇಳಿದ್ದಿಯಲ್ಲ, ‘ನಿಮ್ಮ ತಂಗಿ ಮೂಕಿ ಏನು?’ ಅಂತ… ಬಾಗಿಲ ಹಿಂದ ನಿಂತು ಕೇಳಿಸ್ಕಂಡಿದ್ದೆ ನಾನು. ಈಗ ನೋಡು, ನೀ ಸುಮ್ನ ಕುಂತೀ, ನಾ ಬಡಬಡಸ್ತೀನಿ.

ನಕ್ಕಿಯಲ್ಲ? ಇಲ್ಲ, ನಕ್ಕಿ. ಒಂದೀಟು ತುಟಿ ಆಡಿದ್ವು.

ನಿಮ್ಮವ್ವ ಪಕ್ಕೀರಮ್ಮತ್ತಿ ಬಾಗಿಲದಾಗ ಹೇಳಿದ್ಲು. ನಮ್ಮ ಮನಿಯಿಂದ ಬಂದಾಗಿಂದ ನೀ ಒಂದು ಮಾತೂ ಆಡಿಲ್ಲಂತ. ‘ಉಣ್ಣು ಅಂದ್ರ ಉಣ್ಣತಾಳ, ಮಲಕೋ ಅಂದ್ರ ಮಲಕೋತಾಳ, ಬಾಯಿ ಮಾತ್ರ ಬಿಚ್ಚಂಗಿಲ್ಲವ್ವಾ ನನ್ನ ಮಗಳು’ ಅಂತ ನನ್ನ ಮುಂದ ಅತ್ಲು. ಯಾಕ ಮಾತಾಡ್ತಿ ಹೇಳು? ದೇವರ ಮುಂದ ಅರಿಶಿಣ ಭಂಡಾರ ಹಿಡದು ಆಡಿದ ಮಾತನ್ನ ನಾವು ನಂಬಲಿಲ್ಲ…

ಕೂಸು ಚಲೋ ಐತಿ. ಅಯ್ಯೋ, ಮೊದಲು ಅದನ್ನ ಹೇಳಬೇಕಿತ್ತು ನಾನು! ಚಲೋ ಐತಿ. ಅಜ್ಜಯ್ಯ ಚಲೋ ಅದಾನ. ಏನು ಹೆಸರು ಇಟ್ಟಾರೋ! ಇನ್ನಾ ಎಲ್ಲಾ ಹಲ್ಲು ಬಂದಿಲ್ಲ, ಆಗಲೇ ಅಜ್ಜಯ್ಯ. ಹೋದ ವಾರ ದವಾಖಾನ್ಯಾಗ ನರ್ಸಮ್ಮ ‘ಅಜ್ಜಯ್ಯ ಯಾರ್ರಿ, ಅಜ್ಜಯ್ಯ ಬರ್ರಿ’ ಅಂತ ಕೂಗಿದ್ಲು, ಕೋಲು ಹಿಡಕೊಂಡು ಇಬ್ರು ಮುದುಕ್ರು ಎದ್ದು ನಿಂತ್ರು. ನಾ ಕೂಸಿನ್ನ ಮ್ಯಾಲೆತ್ತಿ ತೋರಿಸ್ದೆ. ಇಡೀ ಸಾಲು ನಕ್ತು.

…ದವಾಖಾನಿ ಅಂದ್ನಾ? ಅಂದೆ. ಕುಂದ್ರು ಅತ್ತಿಗಿ, ನನ್ನ ತೋಳು ಬಿಡು, ಹೇಳ್ತೀನಿ. ಹೆದರಬ್ಯಾಡ. ಕಾಲು… ಎಡಗಾಲು ಮತ್ತ ಮುರೀತು. ನೀ ಬಂದ ಮ್ಯಾಲೆ. ಅಜ್ಜಿ ಕೈಯಾಗ.

ಹೂಂ. ಜಂಬಕ್ಕಜ್ಜಿ ಕೈಯಾಗನ. ಎಣ್ಣಿ ಹಚ್ಚಿ ಎರೀತಿದ್ಲು. ಕಾಲಮ್ಯಾಲೆ ಮಲಗಿಸ್ಕೊಂಡು, ನಮ್ಮನ್ನೆಲ್ಲಾ ಹೆಂಗ ಎರದಿದ್ಲೋ ಹಂಗನ, ಕೈ ಅಡ್ಡ ಮಾಡಿ, ಕಾಲು ಮಡಚಿ. ಜೋರೇನೂ ಮಾಡಲಿಲ್ಲ. ನಾ ಅಲ್ಲೇ ಬಿಸಿನೀರು ತೋಡ್ತಿದ್ದೆ. ಕಟ್ ಅಂತು. ಒಣಗಿದ ತೊಗರಿಕಟ್ಟಿಗಿ ಮುರದಂಗ. ಕೂಸು ಅಳಾಕಿಂತ ಮೊದಲು ಅಜ್ಜಿ ನನ್ನ ಮುಖ ನೋಡಿದ್ಲು ಅತ್ತಿಗಿ. ‘ನಾ ಏನೂ ಮಾಡಿಲ್ಲವ್ವಾ… ನಾ ಏನೂ ಮಾಡಿಲ್ಲ…’ ಅಂದ್ಲು.

ನೀ ಅಂದಿದ್ದೂ ಅದಾ ಅಲ್ಲೇನು? ಮೊದಲ್ನೇ ಸಲ ತೊಡಿ ಮುರದಾಗ? ಕೂಸಿನ ಹಸಿ ಅರಿವಿ ಬದಲಿ ಮಾಡಾಕ ಕಾಲು ಎತ್ತಿದೆ, ಅಷ್ಟೇ, ಅಂತ ಅಂದಿ. ಎಷ್ಟು ಸಲ ಅಂದಿ! ‘ಕಾಲೆತ್ತಿದ್ರ ಎಲುಬು ಮುರೀತೈತಾ?’ ಅಂತ ಅವ್ವ ನಕ್ಕಿದ್ಲು. ಆ ಎಲುಬು ಕಟ್ಟಾವ ಮುದುಕ ತತ್ತಿ ಲೋಳಿ ಹಚ್ಚಿ ಬಿದಿರು ಕಡ್ಡಿ ಕಟ್ಟಬೇಕಾರ, ‘ಇದು ಬಿದ್ದ ಪೆಟ್ಟು ಅಲ್ಲ, ತಿರುವಿದ ಪೆಟ್ಟು’ ಅಂದುಬಿಟ್ಟ. ಅಷ್ಟು ಸಾಕಾತು. ಅವತ್ತಿನಿಂದ ನೀ ಕೂಸು ಎತ್ತಿಕೊಂಡ್ರ ಎಲ್ಲಾರ ಕಣ್ಣೂ ನಿನ್ನ ಕೈಮ್ಯಾಲೆ.

ಮತ್ತ ಆ ಭಂಡಾರದ ದಿನ… ಬ್ಯಾಡ? ಇಲ್ಲ, ನಾ ಅದನ್ನ ಹೇಳಬೇಕು. ಹೇಳ್ಲಿಲ್ಲ ಅಂದ್ರ ಮುಂದಿಂದು ಬರಂಗಿಲ್ಲ ನಂಗ. ದೇವರ ಜಗಲಿ ಮುಂದ ನಿನ್ನ ನಿಂದ್ರಿಸಿ, ಅಂಗೈತುಂಬ ಭಂಡಾರ ಸುರುವಿ, ಅಜ್ಜಿ ಹೇಳಿಕೊಟ್ಟಂಗ ನೀ ಅಂದಿ: ‘ಮೈಲಾರಲಿಂಗಾ, ನಾ ನನ್ನ ಕೂಸಿಗೆ ಹೊಡದಿದ್ರ ಕೂಸಿನ ಮೈಮ್ಯಾಲೆನ ತೋರಿಸು.’ ನಿನ್ನ ದನಿ ಒಂಚೂರೂ ನಡಗಲಿಲ್ಲ. ನಾ ಅನ್ಕಂಡೆ, ಮುಗೀತು, ಇನ್ನ ಎಲ್ಲಾ ಸರಿ ಆತು ಅಂತ. ಮರುದಿನ ಮುಂಜಾನಿ ಅಜ್ಜಯ್ಯ ಹೊಸ್ತಲಾ ಹಿಡಕೊಂಡು ಎದ್ದು ನಿಂತ. ಅವನಷ್ಟಕ್ಕ ಅವನಾ, ಮೊದಲ್ನೇ ಸಲ! ನೀ ಚಪ್ಪಾಳಿ ತಟ್ಟಿದಿ. ‘ಬರ್ರಿ, ಬರ್ರಿ, ನೋಡ್ರಿ’ ಅಂತ ಎಲ್ಲಾರನ್ನೂ ಕೂಗಿದಿ. ನಾವು ಬಂದು ನೋಡತನಕ ಅವನ ಮೊಣಕೈ ಕೆಳಗ ಕೈ ಬಾಗಿತ್ತು. ತನ್ನ ಭಾರ ತಾನಾ ಹಾಕಿದ್ದಕ್ಕ.

ನಿನ್ನ ಮಾತು ಅವತ್ತಾ ನಿಂತು ಹೋತು ನೋಡು. ಅಜ್ಜಿ ಭಂಡಾರದ ಬಟ್ಟಲಾ ಎತ್ತಿ ಒಳಗಿಟ್ಲು. ‘ದೇವರು ತೋರ್ಸ್ಯಾನ’ ಅಂದ್ಲು. ಅಣ್ಣ ಹೋಗಿ ಗಾಡಿ ಚಾಲೂ ಮಾಡಿದ. ನಿನ್ನ ಇಲ್ಲಿಗೆ ತಂದು ಬಿಟ್ಟ. ಕೂಸು ಅಲ್ಲೇ.

ಅಳು. ಅತ್ರ ಅಳು. ನಾ ಆಕಡಿ ನೋಡ್ತೀನಿ.

…ಆತಾ? ನೀರು ಕುಡಿ. ಈಗ ಚಲೋದು ಹೇಳ್ತೀನಿ ಕೇಳು. ಚಲೋದು ಅಂದ್ರ… ಚಲೋದಲ್ಲ. ಖರೇದು.

ಅಜ್ಜಿ ಕೈಯಾಗ ಮುರದ ಮ್ಯಾಲೆ ಯಾರೂ ಎಲುಬು ಕಟ್ಟಾವನ ಹೆಸರು ಎತ್ತಲಿಲ್ಲ. ದಾವಣಗೇರಿಗೆ ಹೋದ್ವಿ. ಅಣ್ಣ, ನಾನು, ಕೂಸು. ಅಲ್ಲೊಬ್ರು ಡಾಕ್ಟರ್ ಮೇಡಂ, ತಲಿ ಪೂರಾ ಬೆಳ್ಳಗಾಗೈತಿ, ಭಾಳ ಮಂದಿನ ನೋಡಿದಾಕಿ. ಆಕಿ ಕಾಲು ನೋಡಲಿಲ್ಲ ಅತ್ತಿಗಿ! ಕಣ್ಣು ನೋಡಿದ್ಲು. ಕೂಸಿನ ಕಣ್ಣ ರೆಪ್ಪಿ ಹಿಂಗ ಎತ್ತಿ ನೋಡಿದ್ಲು. ಆಮ್ಯಾಲೆ ಅಣ್ಣನ ಕಣ್ಣು ನೋಡಿದ್ಲು. ಆಮ್ಯಾಲೆ ಹಿಂದ ಗ್ವಾಡಿಗಿ ಹತ್ತಿ ನಿಂತಿದ್ದ ನನ್ನ ಕರದು, ‘ನೀನೂ ಬಾ ಇಲ್ಲಿ, ಬೆಳಕಿಗೆ ಬಾ’ ಅಂದ್ಲು.

ನಮ್ಮ ಮನಿ ಕಣ್ಣು… ಬಿಳೀ ಗುಡ್ಡಿ ಬೆಳ್ಳಗಿಲ್ಲ ಅಲ್ಲೇನು? ಧೋತ್ರಕ್ಕ ನೀಲಿ ಒಂಚೂರು ಜಾಸ್ತಿ ಹಾಕಿದಂಗ. ನಿನ್ನ ನೋಡಾಕ ಬಂದಾಗ ನಿಮ್ಮ ಮನ್ಯಾಗ ಹೆಣ್ಮಕ್ಕಳೆಲ್ಲಾ ‘ಹುಡುಗನ ಕಣ್ಣು ಏನು ಚಂದವ್ವಾ’ ಅಂತ ಕಿಸಿಕಿಸಿ ನಕ್ಕಿದ್ರು. ಕೂಸು ಹುಟ್ಟಿದಾಗ ಅಜ್ಜಿ ಕಣ್ಣು ನೋಡಿದಾಕಿನ ಕುಣದಾಡಿಬಿಟ್ಲು. ತನ್ನ ಗಂಡಂದೂ ಅದಾ ಕಣ್ಣಂತ. ಅದ್ಕ ಅಜ್ಜಯ್ಯ ಅಂತ ಹೆಸರಿಟ್ರು. ಊರಾಗೆಲ್ಲಾ ಹೇಳಿಕೊಂಡು ಬಂದ್ಲು, ‘ನಮ್ಮ ಮನಿ ಕಣ್ಣು ಬಂದೈತಿ’ ಅಂತ.

ಅದು ಚಂದ ಅಲ್ಲಂತ ಅತ್ತಿಗಿ. ಅದಾ ಗುರುತಂತ.

ಕಣ್ಣಿನ ಬಿಳಿ ಪದರ ತೆಳ್ಳಗ ಆಗಿ ಒಳಗಿನ ಕಪ್ಪು ನೀಲಿಯಾಗಿ ಹೊರಗ ಕಾಣಸ್ತೈತಂತ. ಕಣ್ಣಿಗೆ ಯಾವುದು ಕಮ್ಮಿ ಆಗೈತೋ ಎಲುಬಿಗೂ ಅದಾ. ನಾವೆಲ್ಲಾ ಎಲುಬಿಗೆ ಸುಣ್ಣ ಕಮ್ಮಿ, ಕ್ಯಾಲ್ಸಿಯಂ ಕಮ್ಮಿ ಅಂತ ಸಾಯ್ತಿದ್ವಿ. ರಾಗಿ ಕುಡಸ್ಲಿಲ್ಲ, ಹಾಲು ಸರೀಗೆ ಕೊಡ್ಲಿಲ್ಲ ಅಂತ ನಿನ್ನ ಎಷ್ಟು ಅಂದ್ರು ಅವ್ವ, ಅಜ್ಜಿ. ರಕ್ತ ತಗದು ನೋಡಿದ್ರು, ಸುಣ್ಣ ಬೇಕಾದಷ್ಟು ಐತಿ. ಕಮ್ಮಿ ಇರದು ಸುಣ್ಣ ಅಲ್ಲ.

ಹೆಂಗ ಹೇಳ್ಲಿ… ಡಾಕ್ಟರು ಇಂಗ್ಲೀಷಿನಾಗ ಹೇಳಿದ್ರು, ಅಣ್ಣಗ ಏನೂ ತಿಳೀಲಿಲ್ಲ. ನಾ ಬಸ್ಸಿನಾಗ ವಾಪಸ್ ಬರಬೇಕಾರ ವಿಚಾರ ಮಾಡಿದೆ. ಅಜ್ಜಿ ಕಂಬಳಿಗೆ ಹುಣಸಿಬೀಜದ ಗಂಜಿ ಹಚ್ಚತಾಳಲ್ಲ? ಹಚ್ಚಿ ಒಣಗಿಸಿದ್ರ ಕಂಬಳಿ ಹಲಗಿ ಹಂಗ ಸೆಟದು ನಿಂದರ್ತೈತಿ. ಸುಣ್ಣ ಅಂದ್ರ ಆ ಗಂಜಿ. ಎಲುಬಿಗೆ ಗಡಸುತನ ಅದರದ್ದಾ. ಆದ್ರ ಕಂಬಳೀನ ಹರೀದಂಗ ಹಿಡದಿರದು ಗಂಜಿ ಅಲ್ಲ, ನೂಲು. ಎಲುಬಿನೊಳಗೂ ನೂಲು ಇರ್ತಾವ ಅತ್ತಿಗಿ. ಕೊಲಾಜೆನ್ ಅಂತಾರ. ಮೂರು ಎಳಿ ಕೂಡಿಸಿ ಹುರಿ ಹಾಕಿದಂಗ ಇರ್ತೈತಿ. ಅದರಾಗ ಒಂದು ಎಳಿ ಹುಟ್ಟಿನಿಂದನ ಕೆಟ್ಟಿದ್ರ ಹುರಿ ಸರೀಗೆ ಕೂಡಂಗಿಲ್ಲ. ಆಗ ನೀ ಎಷ್ಟು ಗಂಜಿ ಹಚ್ಚು, ಕಂಬಳಿ ನೋಡಾಕ ಗಟ್ಟಿ. ಮಡಚಿದ್ರ ಲಟಕ್ ಅಂತೈತಿ.

ನಂಬಿಕಿ ಬರಲಿಲ್ಲ ಏನು? ನಂಗೂ ಬಂದಿರಲಿಲ್ಲ. ಅದ್ಕ ಕಾಲೇಜ್ ಬುಕ್ಕಿನಾಗ ಇದ್ದಂಗ ಮಾಡಿ ನೋಡಿದೆ. ಕೊಟ್ಟೂರಾಗ ಗೋಬಿ ಗಾಡಿಯವನ ಹತ್ರ ಒಂದು ಬಾಟ್ಲಿ ವಿನೆಗರ್ ಇಸಗಂಡು, ಕೋಳಿ ಕಾಲಿನ ಎಲುಬು ಹಾಕಿ ನಾಕೈದು ದಿನ ಅಡಗಿಸಿ ಇಟ್ಟಿದ್ದೆ, ಜೋಳದ ಚೀಲದ ಹಿಂದ. ಅವ್ವಗ ಸಿಕ್ಕಬಿಡ್ತು! ‘ಯಾರೋ ಮಾಟ ಮಾಡ್ಸ್ಯಾರ್ರೋ!’ ಅಂತ ಚೀರಿದ್ಲು ನೋಡು… ಲಿಂಬಿಹಣ್ಣು ತಂದು, ಮೆಣಸಿನಕಾಯಿ ಸುಟ್ಟು, ಬಾಟ್ಲಿ ಒಯ್ದು ಹಳ್ಳಕ್ಕ ಒಗದು ಬರೋವರೆಗೂ ಸಮಾಧಾನ ಇಲ್ಲ. ನಾ ಮಾಡಿದ್ದು ಅನ್ನಾಕ ಧೈರ್ಯ ಇಲ್ಲ ನಂಗ. ಆದ್ರ ಒಗಿಯಾಕಿಂತ ಮೊದಲು ಮುಟ್ಟಿ ನೋಡಿದ್ದೆ. ಸುಣ್ಣ ಎಲ್ಲಾ ಕರಗಿ ಎಲುಬು ಮೆತ್ತಗಾಗಿತ್ತು, ಚಕ್ಕಲಿ ಹಂಗ ಸುತ್ತಬೋದು, ಆದ್ರೂ ಹರೀವಲ್ದು. ಬರೇ ನೂಲು ಅದು. ಇನ್ನೊಂದು ಎಲುಬು ಒಲಿಯಾಗ ಇಟ್ಟಿದ್ದೆ. ಅದು ಬೆಳ್ಳಗ, ಆಕಾರ ಎಲ್ಲಾ ಹಂಗಾ. ಸುಣ್ಣ ಎಲ್ಲಾ ಐತಿ ಅದರಾಗ, ನೂಲು ಸುಟ್ಟು ಹೋಗೈತಿ. ಬೆರಳು ಹಚ್ಚಿದೆ… ಬೂದಿ ಹಂಗ ಉದುರಿತು.

ನಾ ಒಲಿ ಮುಂದ ಕುಂತು ಅತ್ತೆ ಅವತ್ತು.

ಯಾಕ ಅಂತಿ? ನೀ ಕೇಳಂಗಿಲ್ಲ, ನಾನಾ ಹೇಳ್ತೀನಿ. ಇದನ್ನ ನಾ ಯಾರ ಮುಂದೂ ನನ್ನ ಬಾಯಿಲೆ ಹೇಳಿಲ್ಲ. ನೀನಾ ಮೊದಲು. ನನ್ನ ಕಣ್ಣು ನೋಡು. ಇಲ್ಲ, ಹಂಗಲ್ಲ, ಬಾಗಿಲ ಬೆಳಕಿಗೆ. ಕಂಡಿತಾ? ನಂಗೂ ಐತಿ ಅತ್ತಿಗಿ.

ಮೂರನೇ ಕ್ಲಾಸಿನಾಗ ಖೋಖೋ ಆಡಬೇಕಾರ ಗೆಳತಿ ಕೈ ಜಗ್ಗಿದ್ಲು, ಮುರೀತು. ಪುಸ್ತಕದ ಚೀಲ ಹೆಗಲಿಗೆ ಹಾಕ್ಕೊಂಡೆ, ಕುತಿಗಿ ಬುಡದ ಎಲುಬು ಬಿರೀತು. ಕೊಡ ಎತ್ತಾಕ ಹೋದೆ, ಬೆರಳು. ಅವ್ವ ಎಲ್ಲಾರ ಮುಂದ ಏನು ಹೇಳ್ತಿದ್ಲು ಗೊತ್ತೈತೇನು? ‘ಪುಸ್ತಕ ಓದಕೋತ ನಡೀತೈತ್ರಿ ಹುಡುಗಿ, ಬೀಳ್ತೈತಿ.’ ಬಿದ್ದಿಲ್ಲ ನಾನು! ಮುರದ ಮ್ಯಾಲೆ ಪುಸ್ತಕ ಹಿಡದಿದ್ದು. ಹೊರಗ ಬಿಡ್ತಿದ್ದಿಲ್ಲ, ಒಳಗ ಕುಂತು ಏನು ಮಾಡ್ಲಿ? ಅಪ್ಪಗ ನಲವತ್ತು ತುಂಬಾದ್ರಾಗನ ಕಿವಿ ಹೋದ್ವಲ್ಲ… ಕಿವಿಯೊಳಗೂ ಸಣ್ಣ ಎಲುಬು ಇರ್ತಾವ. ಅವಕ್ಕೂ ಅದಾ ನೂಲು. ಅಣ್ಣಗೂ ಕುರಿ ಕಾಯಬೇಕಾರ ಎರಡು ಸಲ ಮುರದಿತ್ತು, ಗುಡ್ಡದಾಗ ಬಿದ್ದೆ ಅಂತಾನ. ಅವನೂ ಬಿದ್ದಿರಂಗಿಲ್ಲ.

ಅಪ್ಪಗ ಇದ್ರ ಮಕ್ಕಳಾಗ ಅರ್ಧಕ್ಕ ಅರ್ಧ ಬರಬೋದಂತ. ನಮ್ಮಿಬ್ರಿಗೂ ಬಂತು. ಅಣ್ಣನಿಂದ ಅಜ್ಜಯ್ಯಗ ಬಂತು. ನಿನ್ನ ಕಡೆಯಿಂದ ಏನೂ ಇಲ್ಲ ಅತ್ತಿಗಿ. ನಿನ್ನ ಕೈದೂ ಅಲ್ಲ, ನಿನ್ನ ಹಾಲಿಂದೂ ಅಲ್ಲ. ನೀ ದೇವರ ಮುಂದ ಆಡಿದ್ದು ಖರೇ ಇತ್ತು. ಮೈಲಾರಲಿಂಗ ಕೂಸಿನ ಮೈಮ್ಯಾಲೆ ತೋರ್ಸಿದ್ದೂ ಖರೇನಾ. ನಮಗ ಓದಾಕ ಬರಲಿಲ್ಲ.

ಕೈ ಹಿಂಗ ಮಾಡು. ಅಂಗೈ ಮ್ಯಾಲೆ ಮಾಡು. ಇನ್ನ ಮುಂದ ಅರಿವಿ ಬದಲಿ ಮಾಡಬೇಕಾರ ಪಾದ ಹಿಡದು ಕಾಲು ಎತ್ತಬಾರ್ದಂತ. ಕುಂಡಿ ಕೆಳಗ ಅಂಗೈ ಇಟ್ಟು ಪೂರಾ ಎತ್ತಬೇಕು. ಕಂಕುಳಾಗ ಕೈ ಹಾಕಿ ಎತ್ತಬಾರ್ದು. ಒಂದು ಕೈ ಬೆನ್ನಿಗೆ, ಬೆರಳು ಅಗಲ ಮಾಡಿ. ಹಿಂಗ. ಹಾಂ, ಹಂಗ… ಬಂತು ನಿಂಗ. ಔಷಧಿ ಐತಂತ, ನರದಾಗ ಬಾಟ್ಲಿ ಏರಸ್ತಾರ, ಕೆಲವು ತಿಂಗಳಿಗೊಮ್ಮೆ. ಪೂರಾ ವಾಸಿ ಆಗಂಗಿಲ್ಲ, ಮುರಿಯದು ಕಮ್ಮಿ ಆಗ್ತೈತಿ. ದೊಡ್ಡಾವ ಆದಂಗ ಇನ್ನಾ ಕಮ್ಮಿ ಆಗ್ತೈತಂತ. ನನ್ನ ನೋಡು, ಕಾಲೇಜಿಗೆ ಹೊಂಟಿಲ್ಲೇನು?

ಮತ್ಯಾಕ ಅಳ್ತೀ? …ಓ. ಪಾದ ಹಿಡದು ಎತ್ತಿದ್ದೆ ಅಂತನಾ? ಎಲ್ಲಾರೂ ಹಂಗಾ ಎತ್ತತಾರ ಅತ್ತಿಗಿ! ಲೋಕದಾಗ ಎಲ್ಲಾ ತಾಯಂದ್ರೂ ಹಂಗಾ ಎತ್ತತಾರ. ಅದನ್ನ ಹೊಡದದ್ದು ಅನ್ನಾಕ ಬರಂಗಿಲ್ಲ.

ಏನು ನೋಡ್ತೀ? ಚೀಲಾನ? ಕಾಲೇಜ್ ಚೀಲ… ಸುಮ್ನ ತಂದೆ. ರೂಢಿ. ನೋಟ್ಸ್ ಅದಾವ ಅಷ್ಟೇ.

ಅಣ್ಣಗ ಎಲ್ಲಾ ಗೊತ್ತೈತಿ. ಡಾಕ್ಟರ್ ಮುಂದ ಅವನೂ ಕುಂತಿದ್ದ. ಬಸ್ಸಿನಾಗ ಕಂಬಳಿ, ಗಂಜಿ ಎಲ್ಲಾ ಅವನ ಕಿವ್ಯಾಗ ಪಿಸುಗುಟ್ಟಿದೆ. ಕಿಟಕಿ ಕಡೆ ಮುಖ ಮಾಡಿ ಕೇಳ್ದ. ನಿನ್ನ ಹೆಸರು ಹಿಡದು ‘ಅಂಜಿನಕ್ಕಗ ಭಾಳ ತಪ್ಪು ಮಾಡಿದ್ವಿ’ ಅಂದ. ಖರೇನಾ ಅಂದ, ನನ್ನಾಣೆ. ಕೊಟ್ಟೂರು ಬರತನಕ ಅಜ್ಜಯ್ಯನ ಕಾಲಿನ ಪಟ್ಟಿ ಮ್ಯಾಲೆ ಕೈ ಇಟ್ಟಾ ಕುಂತಿದ್ದ.

ಎದ್ದಿಯಲ್ಲ… ಇನ್ನೊಂದೀಟು ಕುಂದ್ರು. ಇನ್ನಾ ಐತಿ ಹೇಳದು. ಕೊಲಾಜೆನ್ ಬಗ್ಗೆ ಇನ್ನಾ ಭಾಳ ಐತಿ… ವಯಸ್ಸಾದವ್ರಿಗೂ ಅದಾ ಆಗ್ತೈತಂತ, ನೂಲು ಹಳೇದಾಗಿ ಪೆಡಸು ಬೀಳ್ತೈತಿ, ಅದ್ಕ ಮುದುಕ್ರು ಹಂಗ ಜಾರಿದ್ರ ಸಾಕು ಸೊಂಟ… ಸಕ್ಕರಿ ಬ್ಯಾನಿ ಇದ್ದವ್ರಿಗೂ… ಸ್ಕ್ಯಾನಿನಾಗ ಎಲುಬು ಗಟ್ಟಿ ಅಂತ ಬಂದ್ರೂ…

ಬಾಗಿಲದಾಗ ಯಾಕ ನಿಂತಿ?

ಕ್ರಾಸು ಇಲ್ಲಿಂದ ಕಾಣಂಗಿಲ್ಲ. ಕಾಣಂಗಿಲ್ಲ ಅಂದೆ.

ಅತ್ತಿಗಿ. ಹಂಗ ನೋಡಬ್ಯಾಡ ನನ್ನ. ಬೈಯಿ. ಬಡಿ… ಬ್ಯಾಡ, ಬಡೀಬ್ಯಾಡ, ಏನರ ಅನ್ನು. ಸುಮ್ನ ನೋಡಬ್ಯಾಡ…

ಗೊತ್ತಾತಲ್ಲ ನಿಂಗ.

ಅಣ್ಣ ಬಂದಿಲ್ಲ. ಯಾರೂ ನನ್ನ ಕಳಿಸಿಲ್ಲ. ಕಾಲೇಜಿಗೆ ಅಂತ ಹೇಳಿ ಬಂದೀನಿ, ಹಗರಿಬೊಮ್ಮನಹಳ್ಳಿಯಾಗ ಬಸ್ ಬದಲಿ ಮಾಡಿ. ಅಣ್ಣ ಕಳಿಸ್ಯಾನ ಅನ್ನದಿದ್ರ ನಿಮ್ಮವ್ವ ಬಾಗಿಲಾ ತಗೀತಿದ್ಲೇನು?

ಯಾಕ ಬರಲಿಲ್ಲ ಅಂತ ನೀ ಕೇಳಂಗಿಲ್ಲ, ಗೊತ್ತು. ನಿನ್ನಿ ಸಂಜಿಕಿ ಎಲ್ಲಾರೂ ಕುಂತು ಮಾತಾಡಿದ್ರು. ಅಣ್ಣ ವಾರದಿಂದ ಹೊಟ್ಟ್ಯಾಗ ಇಟ್ಕೊಂಡಿದ್ದ ಡಾಕ್ಟರ್ ಮಾತೆಲ್ಲಾ ಹೇಳ್ದ. ನಿನ್ನ ಕರಕೊಂಡು ಬರ್ತೀನಿ ಅಂದ. ಅದನ್ನೂ ಅಂದ. ಅಜ್ಜಿ ಕೂಸಿನ ಕಾಲಿನ ಪಟ್ಟಿ ಮ್ಯಾಲೆ ಕೌದಿ ಎಳದ್ಲು. ಆಮ್ಯಾಲೆ, ‘ಈ ಮನಿ ರಕ್ತದಾಗ ಐತಿ ಅಂತ ಗೊತ್ತಾದ್ರ ಭೂಮಿಕಾನ್ನ ಯಾರು ತಗಂತಾರೋ?’ ಅಂದ್ಲು. ಹರಪನಹಳ್ಳಿ ಕಡೇರು ನನ್ನ ನೋಡಿ ಹೋಗ್ಯಾರಲ್ಲ, ಪಿಯುಸಿ ಮುಗೀಲಿ ಅಂತ ಮಾತಾಗೈತಿ. ‘ಹುಡುಗಿ ಕಣ್ಣು ಚಂದ’ ಅಂದು ಹೋಗ್ಯಾರ ಅವ್ರೂ. ಅವ್ವ ಅತ್ಲು. ಅಪ್ಪಗ ಕೇಳಿಸ್ಲಿಲ್ಲ, ‘ಏನಂತ, ಏನಂತ’ ಅಂತ ಎಲ್ಲಾರ ಮುಖ ನೋಡಿದ. ಯಾರೂ ಹೇಳ್ಲಿಲ್ಲ. ಕಡೀಕೆ ಅಜ್ಜಿನಾ ಅಂದ್ಲು, ‘ಅಂಜಿನಕ್ಕ ಬಡದಾಳ ಅಂತ ಊರು ನಂಬೈತಿ. ಅದು ಹಂಗಾ ಇರ್ಲಿ.’

ಅಣ್ಣ ನನ್ನ ಕಡೆ ನೋಡಿದ. ಆಮ್ಯಾಲೆ ಎದ್ದು ಕುರಿ ಹಟ್ಟಿಗೆ ಹೋದ.

ನನ್ನ ಸಲುವಾಗಿ ಅತ್ತಿಗಿ. ನನ್ನ ಲಗ್ನ ನಿಲ್ಲಬಾರ್ದಂತ ನಿನ್ನ ಕೂಸಿನ್ನ ನಿಂಗ ಕೊಡವಲ್ರು. ನಂಗ ಆ ಲಗ್ನ ಬ್ಯಾಡ. ನಾ ಹಂಗ ಅನ್ನಬೇಕಿತ್ತು ಅಲ್ಲೇ, ಎಲ್ಲಾರ ಮುಂದ. ಬಾಯಿ ಬರಲಿಲ್ಲ. ಅದ್ಕ ಇಲ್ಲಿ ಬಂದೆ… ಇಲ್ಲಿ ನಿನ್ನೊಬ್ಬಾಕಿ ಮುಂದನಾ ಹೇಳಬೋದು ಅಂತ.

ಎಲ್ಲಿಗೆ? ನಮ್ಮ ಮನಿಗಾ? ಅತ್ತಿಗಿ, ಕ್ರಾಸಿನಾಗ ಯಾರೂ ಇಲ್ಲ ಅಂದ್ನೆಲ್ಲ! ಮತ್ಯಾಕ ಹೊಂಟಿ? ಅವ್ರು ಒಳಗ ಬಿಡ್ತಾರೋ ಇಲ್ಲೋ… ಅಜ್ಜಿ ಬಾಗಿಲದಾಗನಾ ಕುಂತಿರ್ತಾಳ… ಏನಂತ ಹೇಳ್ತಿ? ನೀ ಮಾತಾಡಂಗಿಲ್ಲ, ಅಲ್ಲಿ ಯಾರು ಹೇಳಬೇಕು ಇದನ್ನೆಲ್ಲಾ…

…ನಾನಾ?

ತಡಿ. ಬಂದೆ, ತಡಿ. ಒಂದೀಟು ನಿಧಾನ ನಡಿ ಅತ್ತಿಗಿ… ನಂಗ ಓಡಾಕ ಬರಂಗಿಲ್ಲ.